ಒಳಕೋಣೆ ಖಾಲಿಯಾದ ಬಗೆ

ಕೈತುಂಬ ಕೆಲಸವಿದೆ, ಆದರೆ ಮನೆ ಮಾತ್ರ ಸುಧಾರಿಸುತ್ತಿಲ್ಲ. ಬೆಳಗ್ಗೆ ಎದ್ದಾಗಿನಿಂದ ಬಿಡುವಿಲ್ಲ, ಆದರೂ ಮುಗಿಯಬೇಕಾದದ್ದು ಮುಗಿಯುತ್ತಿಲ್ಲ. ಮನೆಯಲ್ಲೇ ಸಣ್ಣ ಉದ್ಯೋಗ ಮಾಡುವ ಎಷ್ಟೋ ಜನ ಹೀಗೆ ಹೇಳುವುದನ್ನು ಕೇಳಿರುತ್ತೀರಿ. ಜಿಪ್ಪಮ್ಮನ ಮನೆಯ ಕಥೆಯೂ ಇದೇ ಆಗಿತ್ತು.

ಜಿಪ್ಪಮ್ಮ ಅವಳ ನಿಜವಾದ ಹೆಸರಲ್ಲ. ಬ್ಯಾಗು ಹೊಲಿಯುವಾಗ ಉದ್ದದ ಜಿಪ್ಪೊಂದು ಅವಳ ಕೊರಳಲ್ಲಿ ನೇತಾಡುತ್ತಿರುತ್ತಿತ್ತು. ಹಾಲು ತರಲು ಹೋಗುವಾಗಲೂ ಅದನ್ನು ತೆಗೆಯಲು ಮರೆಯುತ್ತಿದ್ದಳು. ಬೀದಿಯವರು ತಮಾಷೆಗೆ ಕರೆದ ಹೆಸರು ಹಾಗೇ ಅಂಟಿಕೊಂಡಿತು. ಬಟ್ಟೆ ಕತ್ತರಿಸಿಕೊಡುವ ಅವಳ ಗಂಡನಿಗೆ ಕತ್ತರಿಯಣ್ಣ ಎಂದು ಹೆಸರು. ಇಬ್ಬರೂ ಒಳ್ಳೆಯ ಕೆಲಸಗಾರರು. ಶಾಲೆಯ ಬ್ಯಾಗು, ಊಟದ ಡಬ್ಬಿಯ ಚೀಲ, ಪ್ರಯಾಣದ ಬ್ಯಾಗು, ಮೊಬೈಲ್ ಪೌಚು, ನೀರಿನ ಬಾಟಲಿಗೆ ಕವರು, ಸ್ಕೂಟರ್ ಸೀಟಿಗೆ ಕವರು, ಯಾರು ಏನು ಕೇಳಿದರೂ ಹೊಲಿದುಕೊಡುತ್ತಿದ್ದರು. "ನಮ್ಮಲ್ಲಿ ಇಲ್ಲ ಅನ್ನೋ ಮಾತೇ ಇಲ್ಲ" ಎಂದು ಹೇಳುವುದರಲ್ಲಿ ಕತ್ತರಿಯಣ್ಣನಿಗೆ ಒಂದು ಹೆಮ್ಮೆ.

ಮನೆಯಲ್ಲಿ ಇದ್ದದ್ದು ಅಡುಗೆಮನೆ ಬಿಟ್ಟರೆ ಎರಡೇ ಕೋಣೆ. ಮುಂದಿನದರಲ್ಲಿ ಹೊಲಿಗೆ ಮೆಷಿನ್ನು, ಕತ್ತರಿಸುವ ಮೇಜು. ಒಳಗಿನದು ಅವರ ಒಬ್ಬಳೇ ಮಗಳು ಪುಟ್ಟಿಯದಾಗಿತ್ತು. ಬಗೆಬಗೆಯ ಬ್ಯಾಗು ಎಂದರೆ ಬಗೆಬಗೆಯ ಸಾಮಾನು. ಮೊದಲು ರೆಕ್ಸಿನ್ ಸುರುಳಿಗಳು ಆ ಕೋಣೆಯ ಮೂಲೆಗೆ ಹೋದವು. ಆಮೇಲೆ ಸ್ಪಂಜಿನ ಹಾಳೆಗಳು, ಬಕಲ್ಲಿನ ಡಬ್ಬಗಳು, ಅರ್ಧ ಹೊಲಿದು ಬಿಟ್ಟ ಬ್ಯಾಗುಗಳು. ಪುಟ್ಟಿಯ ಮಂಚ ಒಂದು ದಿನ ಗೋಡೆಗೆ ಒರಗಿ ನಿಂತಿತು. ಮಗು ಹೊಲಿಗೆಯ ಸದ್ದಿನಲ್ಲಿ ಓದುತ್ತಾ, ಬಟ್ಟೆಯ ರಾಶಿಯ ಮೇಲೆ ನಿದ್ದೆಹೋಗುವುದನ್ನು ನೋಡಲಾಗದೆ ಜಿಪ್ಪಮ್ಮನ ಅಕ್ಕ, ಸ್ವಲ್ಪ ದಿನ ತನ್ನಲ್ಲಿರಲಿ ಎಂದು ಬೇರೆ ಊರಿಗೆ ಕರೆದುಕೊಂಡು ಹೋದಳು. ಕೆಲಸ ಒಂದು ಹದಕ್ಕೆ ಬಂದ ಮೇಲೆ ಕರೆಸಿಕೊಳ್ಳುವುದು ಎಂದು ಮಾತಾಗಿತ್ತು.

ಕೆಲಸ ಹದಕ್ಕೆ ಬರಲಿಲ್ಲ. ಪುಟ್ಟಿ ದೊಡ್ಡಮ್ಮನ ಊರಿನ ಶಾಲೆಯಲ್ಲೇ ಮುಂದಿನ ತರಗತಿಗೆ ಹೋದಳು. ಅದಾದ ಮೇಲೆ ಇನ್ನೊಂದಕ್ಕೆ.

ಸಂಜೆ ಫೋನ್ ಮಾಡಬೇಕು ಎಂದು ಜಿಪ್ಪಮ್ಮ ದಿನವೂ ಅಂದುಕೊಳ್ಳುತ್ತಿದ್ದಳು. ಕೈಯಲ್ಲಿದ್ದ ಬ್ಯಾಗು ಮುಗಿಸಿ ಏಳುವಷ್ಟರಲ್ಲಿ ಅಲ್ಲಿ ಮಗು ಮಲಗಿರುತ್ತಿತ್ತು. ಸಿಕ್ಕಿದ ದಿನವೂ ಊಟ ಆಯ್ತಾ, ಓದಿದೆಯಾ ಎಂದು ಕೇಳಿದ ಮೇಲೆ ಇಬ್ಬರಿಗೂ ಮಾತು ಮುಗಿದುಹೋಗುತ್ತಿತ್ತು. ಒಮ್ಮೆ ಪುಟ್ಟಿ ಮಾತಿನ ನಡುವೆ, "ನಮ್ಮನೇಲಿ ಈಗ ಹೊಸ ಬಾಗಿಲು ಹಾಕಿಸಿದ್ದಾರೆ" ಎಂದಳು. ಯಾವ ಮನೆ ಎಂದು ಜಿಪ್ಪಮ್ಮನಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಫೋನನ್ನು ಗಂಡನ ಕೈಗೆ ಕೊಟ್ಟು ಎದ್ದುಹೋದಳು.

ರಜೆಯಲ್ಲಿ ಪುಟ್ಟಿ ಬಂದಳು. ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿ, "ಅಮ್ಮ, ನನ್ನ ಬ್ಯಾಗು ಎಲ್ಲಿಡಲಿ?" ಎಂದು ಕೇಳಿದಳು. ಊರಿನ ಮಕ್ಕಳಿಗೆಲ್ಲ ಬ್ಯಾಗು ಹೊಲಿಯುವ ಆ ಮನೆಯಲ್ಲಿ ಮಗಳ ಬ್ಯಾಗು ಇಡಲು ಜಾಗವಿರಲಿಲ್ಲ. ಅಪ್ಪ ಆ ಕಡೆ ಈ ಕಡೆ ಸರಿಸಿ ಸ್ವಲ್ಪ ಜಾಗ ಮಾಡಿದ. ಅಷ್ಟರಲ್ಲಿ ಗಿರಾಕಿ ಬಂದ, ಅಲ್ಲಿ ಒಂದು ಸುರುಳಿ ಬಿತ್ತು. ಪುಟ್ಟಿ ಮುಖ ಸಣ್ಣ ಮಾಡಿಕೊಳ್ಳಲಿಲ್ಲ, ಅತ್ತೂ ಇಲ್ಲ. ರಜೆ ಮುಗಿಯುವ ಮೊದಲೇ, ದೊಡ್ಡಮ್ಮ ಯಾವಾಗ ಬರ್ತಾರೆ ಎಂದು ಮೆಲ್ಲಗೆ ವಿಚಾರಿಸಿದಳು. ಅವಳು ಹಟ ಮಾಡಿದ್ದರೆ ಜಿಪ್ಪಮ್ಮನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಪುಟ್ಟಿ ಹೋದ ಮೇಲೆ ಒಂದು ದಿನ ಹಿಂದಿನ ಬೀದಿಯ ಸೂಪರ್‌ವೈಸರ್ ಅಕ್ಕ ತನ್ನ ಕೈಚೀಲದ ಜಿಪ್ಪು ಸರಿಮಾಡಿಸಲು ಬಂದಳು. ಷೂ ತಯಾರಿಸುವ ಕಾರ್ಖಾನೆಯಲ್ಲಿ ಬಹಳ ವರ್ಷ ಸೂಪರ್‌ವೈಸರ್ ಆಗಿ ದುಡಿದು ನಿವೃತ್ತಳಾಗಿದ್ದ ಅವಳು ಈಗ ಮಹಿಳಾ ಸಂಘಗಳಿಗೆ ಹೋಗಿ, ಸಣ್ಣ ಉದ್ಯೋಗ ನಡೆಸುವುದರ ಬಗ್ಗೆ ಹೇಳಿಕೊಡುತ್ತಿದ್ದಳು. ಕೂತು ಕಾಯುವಾಗ, ಪುಟ್ಟಿಯನ್ನು ಯಾವಾಗ ಕರೆಸಿಕೊಳ್ಳುತ್ತೀರಿ ಎಂದು ಕೇಳಿದಳು. ಜಿಪ್ಪಮ್ಮ ತಲೆಯೆತ್ತದೆ ಕೈಚೀಲದ ಜಿಪ್ಪನ್ನು ಎಳೆದು ನೋಡತೊಡಗಿದಳು. ಉತ್ತರ ಕೊಟ್ಟದ್ದು ಕತ್ತರಿಯಣ್ಣ. ಸಾಲ ಮಾಡಿ ದೊಡ್ಡ ಮೋಟಾರ್ ಮೆಷಿನ್ ತರುತ್ತೇನೆ, ಪಕ್ಕದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯುತ್ತೇನೆ, ಆಮೇಲೆ ಮಗಳನ್ನು ಕರೆತರುತ್ತೇನೆ ಎಂದ.

"ದೊಡ್ಡ ಮೆಷಿನ್ ತಂದ್ರೆ ಹೊಲಿಗೆ ಬೇಗ ಆಗುತ್ತೆ, ನಿಜ" ಎಂದಳು ಸೂಪರ್‌ವೈಸರ್ ಅಕ್ಕ. "ಹುಡುಕಾಟ ಬೇಗ ಆಗುತ್ತಾ? ನಾನು ಬಂದಾಗಿಂದ ನೋಡ್ತಾ ಇದ್ದೀನಿ. ನಿನ್ನ ಹೆಂಡತಿ ಹೊಲಿದದ್ದಕ್ಕಿಂತ ಹುಡುಕಿದ್ದೇ ಹೆಚ್ಚು."

ಕತ್ತರಿಯಣ್ಣ ನಕ್ಕುಬಿಟ್ಟ. ಅದೆಲ್ಲ ಕಾರ್ಖಾನೆಯವರಿಗೆ ಸರಿ, ಇಲ್ಲಿರುವುದು ಗಂಡ ಹೆಂಡತಿ ಮತ್ತು ಒಂದು ಹಳೇ ಮೆಷಿನ್ನು, ನಮಗೆಲ್ಲಿಯ ಸುಧಾರಣೆ ಎಂದ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಕಾರ್ಖಾನೆಯಲ್ಲೂ ಮೊದಲು ಮಾಡಿದ್ದು ಖರ್ಚಿಲ್ಲದ ಕೆಲಸವೇ, ಸುಮ್ಮನೆ ಕೂತು ನೋಡಿದ್ದು ಎಂದಳು. ಸಾಲಕ್ಕೆ ಅರ್ಜಿ ಹಾಕುವ ಮೊದಲು ಒಂದು ದಿನ ಕತ್ತರಿ ಕೆಳಗಿಟ್ಟು, ಹೆಂಡತಿ ಕೆಲಸ ಮಾಡುವುದನ್ನು ನೋಡು, ಏನೂ ಮಾತಾಡಬೇಡ, ಆಮೇಲೆ ನಿನಗೆ ಬೇಕಾದ್ದು ಮಾಡು ಎಂದು ಹೇಳಿ ಹೋದಳು.

ಮದುಮಗನ ಹಾಗೆ ಕೂರಬೇಕಂತೆ ಎಂದು ತಮಾಷೆ ಮಾಡುತ್ತಲೇ ಅವನು ಮರುದಿನ ಸ್ಟೂಲಿನ ಮೇಲೆ ಕೂತ. ಇಷ್ಟು ವರ್ಷ ಅವನ ಮೇಜು ಕಿಟಕಿಯ ಕಡೆಗಿತ್ತು, ಹೆಂಡತಿ ಬೆನ್ನ ಹಿಂದೆ ಇರುತ್ತಿದ್ದಳು. ಅವಳು ಕೆಲಸ ಮಾಡುವುದನ್ನು ಅವನು ಕೇಳಿದ್ದನೇ ಹೊರತು ನೋಡಿರಲಿಲ್ಲ.

ಈಗ ನೋಡಿದ. ಅವಳು ಶಾಲೆಯ ಬ್ಯಾಗಿಗೆ ಕೈಹಾಕಿದಳು, ನೀಲಿ ದಾರ ತರಲು ಒಳಗೆ ಹೋದಳು. ದಾರ ಸಿಕ್ಕಿತು, ಜಿಪ್ಪನ್ನು ಎಳೆಯುವ ರನ್ನರ್ ಸಿಗಲಿಲ್ಲ. ಮತ್ತೆ ಎದ್ದಳು. ಯಾರೋ ಪ್ರಯಾಣದ ಬ್ಯಾಗಿನ ಹಿಡಿ ಕಿತ್ತುಹೋಗಿದೆ ಎಂದು ಬಂದರು. ದಾರ ಬದಲಾಯಿಸಿ, ಸೂಜಿ ಬದಲಾಯಿಸಿ ಅದನ್ನು ಹೊಲಿದಳು. ವಾಪಸು ಶಾಲೆಯ ಬ್ಯಾಗಿಗೆ ಬಂದರೆ, ಬೇರೆ ಅಳತೆಯ ಜೇಬು ಹೊಲಿದಿದ್ದಳು. ಕೂತು ಎಲ್ಲ ಹೊಲಿಗೆ ಬಿಚ್ಚಿದಳು. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಒಳಗೆ ಹೊರಗೆ ಓಡಾಡಿದಳು. ಮಧ್ಯಾಹ್ನ ಆಗುವಷ್ಟರಲ್ಲಿ ಕತ್ತರಿಯಣ್ಣನ ತಮಾಷೆ ನಿಂತುಹೋಗಿತ್ತು. ಅವನು ಇನ್ನೊಂದನ್ನೂ ಗಮನಿಸಿದ. ಒಳಕೋಣೆಗೆ ಹೋದಾಗೆಲ್ಲ ಅವಳು, ಗೋಡೆಗೆ ಒರಗಿಸಿದ ಪುಟ್ಟಿಯ ಮಂಚದ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತು ಬರುತ್ತಿದ್ದಳು.

ಸಂಜೆ ಅವನು ಕೇಳಿದ, "ಯಾವಾಗ್ಲೂ ಅಲ್ಲಿ ಹಾಗೇ ನಿಲ್ತೀಯಾ?"

"ನಿಲ್ತೀನಾ? ಗೊತ್ತಿಲ್ಲ ರೀ" ಎಂದಳು ಅವಳು. ಮೆಷಿನ್ನಿಗೆ ಬಟ್ಟೆ ಮುಚ್ಚುತ್ತಾ, "ಅವಳು ಮಲಗಿದಾಗ ಹೊದಿಕೆ ಸರಿ ಮಾಡ್ತಿದ್ನಲ್ಲ, ಕೈ ತಾನಾಗೇ ಹೋಗುತ್ತೆ" ಎಂದಳು.

ಅವನು ಸಾಲದ ಮಾತು ಮತ್ತೆ ಎತ್ತಲಿಲ್ಲ. ಸೂಪರ್‌ವೈಸರ್ ಅಕ್ಕನನ್ನು ಕರೆದು ಮೂವರೂ ಕೂತು ಮಾತಾಡಿದರು. ಜನ ದೂರದಿಂದ ಹುಡುಕಿಕೊಂಡು ಬರುವುದು ಯಾವುದಕ್ಕೆ ಎಂದು ಅಕ್ಕ ಕೇಳಿದಳು. ಶಾಲೆಯ ಬ್ಯಾಗಿಗೆ, ಅದರ ಜೊತೆ ಡಬ್ಬಿಯ ಚೀಲಕ್ಕೆ. ಉಳಿದವು? ದಾರಿಯಲ್ಲಿ ಹೋಗುವವರು ಕೇಳುತ್ತಾರೆ, ಇವರು ಒಪ್ಪಿಕೊಳ್ಳುತ್ತಾರೆ, ಅಷ್ಟೇ. ಹಾಗಾದರೆ ಆ ಎರಡನ್ನೇ ಮಾಡಿ, ಚೆನ್ನಾಗಿ ಮಾಡಿ ಎಂದಳು ಅವಳು.

"ಬಂದ ಗಿರಾಕಿಗೆ ಆಗಲ್ಲ ಅನ್ನಬೇಕಾ?" ಕತ್ತರಿಯಣ್ಣನಿಗೆ ಅದೇ ಕಷ್ಟವಾಗಿತ್ತು. "ಅದು ನನ್ನ ಬಾಯಲ್ಲಿ ಬರೋದೇ ಇಲ್ಲ."

"ಎಲ್ಲರಿಗೂ ಹೂಂ ಅಂತ ಹೇಳಿ ಹೇಳಿ, ಆಗಲ್ಲ ಅಂತ ಹೇಳಿರೋದು ಮಗಳಿಗೊಬ್ಬಳಿಗೇ ಅಲ್ವೇನಪ್ಪ" ಎಂದಳು ಅವಳು.

ಮೊದಲ ಸಲ ಆಗುವುದಿಲ್ಲ ಎಂದು ಹೇಳಿದ್ದು ಫೋಟೋ ಸ್ಟುಡಿಯೋದವನಿಗೆ. ಅವನು ಹಳೆಯ ಗಿರಾಕಿ, ಕ್ಯಾಮೆರಾ ಬ್ಯಾಗಿಗೆ ಬಂದಿದ್ದ. ಕತ್ತರಿಯಣ್ಣ ಅದನ್ನು ಚೆನ್ನಾಗಿ ಹೊಲಿಯುವ ಇನ್ನೊಬ್ಬರ ವಿಳಾಸ ಕೊಟ್ಟು, ತಾನೇ ದಾರಿ ಹೇಳಿ ಕಳಿಸಿದ. ಅವನು ಮುಖ ಗಂಟಿಕ್ಕಿಕೊಂಡೇ ಹೋದ. ಆ ದಿನವಿಡೀ ಕತ್ತರಿಯಣ್ಣನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ ಮೊದಮೊದಲು ಗಿರಾಕಿಗಳು ಕಡಿಮೆಯೂ ಆದರು. ಇಬ್ಬರೂ ರಾತ್ರಿ ದುಡ್ಡನ್ನು ಎರಡೆರಡು ಸಲ ಎಣಿಸುತ್ತಿದ್ದರು. ಆದರೆ ಹೇಳಿದ ದಿನಕ್ಕೆ ಬ್ಯಾಗು ಕೈಗೆ ಸಿಗತೊಡಗಿದಾಗ ಶಾಲೆಯ ಮಕ್ಕಳ ತಾಯಂದಿರು ಒಬ್ಬರಿಗೊಬ್ಬರು ಹೇಳಿಕೊಂಡು ಬಂದರು. ಮುಖ ಗಂಟಿಕ್ಕಿಕೊಂಡು ಹೋಗಿದ್ದ ಫೋಟೋದವನೂ ತನ್ನ ಮಗನಿಗೆ ಬ್ಯಾಗು ಹೊಲಿಸಲು ಬಂದ.

ಸೂಪರ್‌ವೈಸರ್ ಅಕ್ಕ ಇನ್ನೊಂದು ಮಾತು ಹೇಳಿದ್ದಳು. ಎಲ್ಲವನ್ನೂ ಒಂದೇ ಸಲ ಬದಲಾಯಿಸಲು ಹೋಗಬೇಡಿ. ವಾರಕ್ಕೊಂದು ಸಣ್ಣ ತೊಡಕು ಹುಡುಕಿ, ಅದನ್ನಷ್ಟೇ ಸರಿಮಾಡಿ. ಸರಿಹೋಗದಿದ್ದರೆ ನಾಚಿಕೆ ಪಡದೆ ಹಳೆಯದಕ್ಕೇ ಹೋಗಿ. ಅವರು ಹಾಗೇ ಮಾಡಿದರು. ಒಂದು ವಾರ ಜಿಪ್ಪುಗಳನ್ನೆಲ್ಲ ಬಣ್ಣದ ಪ್ರಕಾರ, ಕೂತಲ್ಲೇ ಕೈಗೆ ಸಿಗುವ ಹಾಗೆ ಮೆಷಿನ್ನಿನ ಪಕ್ಕದ ಗೋಡೆಗೆ ನೇತುಹಾಕಿದರು. ಇನ್ನೊಂದು ವಾರ ಕತ್ತರಿಯಣ್ಣ ಜೇಬಿಗೂ ಪಟ್ಟಿಗೂ ದಪ್ಪ ರಟ್ಟಿನಲ್ಲಿ ಅಳತೆಯ ಅಚ್ಚು ಮಾಡಿದ. ಹೊಲಿಗೆ ಬಿಚ್ಚುವ ಕೆಲಸ ಅಲ್ಲಿಗೆ ಬಹುಪಾಲು ನಿಂತಿತು. ರಿಪೇರಿಗೆ ಬಂದ ಬ್ಯಾಗು ಎಲ್ಲಿ ಹರಿದಿದೆ ಎಂದು ನೋಡಿ ಮುಂದಿನ ಬ್ಯಾಗಿನಲ್ಲಿ ಆ ಜಾಗವನ್ನು ಗಟ್ಟಿ ಮಾಡಿದರು. ಒಮ್ಮೆ ಬೇಗ ಆಗಲಿ ಎಂದು ಭುಜದ ಪಟ್ಟಿಗೆ ಒಂದೇ ಸಾಲು ಹೊಲಿಗೆ ಹಾಕಿದರು. ಪಟ್ಟಿಗಳು ಬಿಟ್ಟುಕೊಂಡು ವಾಪಸು ಬಂದವು. ದುಡ್ಡು ಕೇಳದೆ ಎಲ್ಲವನ್ನೂ ಮತ್ತೆ ಹೊಲಿದುಕೊಟ್ಟು ಹಳೆಯ ಎರಡು ಸಾಲಿಗೇ ಮರಳಿದರು.

ಈಗ ಸಂಜೆ ಕೆಲಸ ಹೊತ್ತಿಗೆ ಮುಗಿಯುತ್ತಿತ್ತು. ಮಗು ಎಚ್ಚರವಾಗಿರುವಾಗಲೇ ಜಿಪ್ಪಮ್ಮ ಫೋನ್ ಮಾಡುತ್ತಿದ್ದಳು. ಒಂದು ದಿನ ಮಾತಿಗೆ ಮಾತು ಸಿಗದೆ, ನಿಮ್ಮ ಶಾಲೆಯಲ್ಲಿ ಬ್ಯಾಗುಗಳು ಎಲ್ಲಿ ಹಾಳಾಗುತ್ತವೆ ಎಂದು ಕೇಳಿದಳು. ಪುಟ್ಟಿ ಯೋಚಿಸಿ ಹೇಳಿದಳು, "ಮೇಲಿನ ಹಿಡಿ ಅಮ್ಮ. ನಾವೆಲ್ಲ ಬೆಂಚಿನ ಮೊಳೆಗೆ ನೇತುಹಾಕ್ತೀವಿ. ಅದೇ ಮೊದಲು ಕಿತ್ತು ಬರೋದು." ಅಮ್ಮ ಹಿಡಿಯ ಬುಡಕ್ಕೆ ಒಳಗಿಂದ ಒಂದು ತುಂಡು ಪಟ್ಟಿ ಕೊಟ್ಟು ಹೊಲಿದು, ಹಾಗೆ ಹೊಲಿದ ಮೊದಲ ಬ್ಯಾಗನ್ನು ಮಗಳಿಗೇ ಕಳಿಸಿದಳು. ಅಂದಿನಿಂದ ಪುಟ್ಟಿ ತಾನೇ ಫೋನ್ ಮಾಡತೊಡಗಿದಳು. ಬಾಟಲಿಯ ಜೇಬು ಸಡಿಲ, ಪೆನ್ಸಿಲ್ ಡಬ್ಬಿ ಕೈಗೆ ಸಿಗಲ್ಲ ಎಂದು ದೂರುಗಳ ಸುರಿಮಳೆ. ಹಾಗೇ ನಡುವೆ ಗೆಳತಿಯ ಜಗಳ, ಮುರಿದ ಹಲ್ಲು, ರಾತ್ರಿ ಬಿದ್ದ ಕನಸು. ಫೋನ್ ಇಟ್ಟ ಮೇಲೆ ಜಿಪ್ಪಮ್ಮ ಬಹಳ ಹೊತ್ತು ಅದನ್ನೇ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ಮಗಳ ದನಿ ಬದಲಾಗುತ್ತಿತ್ತು. ಅದು ಬದಲಾಗುವುದು ಇವಳಿಗೆ ಫೋನಿನಲ್ಲಿ ಮಾತ್ರ ತಿಳಿಯುತ್ತಿತ್ತು.

ಬೇಡದ ಬಟ್ಟೆ, ಬೇಡದ ಬಕಲ್ಲು ಒಂದೊಂದಾಗಿ ಬೇರೆ ಹೊಲಿಗೆಯವರಿಗೆ ಹೋದವು. ಎರಡೇ ಬಗೆಯ ಬ್ಯಾಗಿಗೆ ಬೇಕಾದ ಸಾಮಾನು ಮುಂದಿನ ಕೋಣೆಯ ಗೋಡೆಯ ಹಲಗೆಗಳಲ್ಲೇ ಹಿಡಿಯಿತು. ಒಂದು ಭಾನುವಾರ ಕತ್ತರಿಯಣ್ಣ ಒಳಕೋಣೆಗೆ ಸುಣ್ಣ ಬಳಿದ. ಸಂಜೆ ಗಂಡ ಹೆಂಡತಿ ಇಬ್ಬರೂ ಸೇರಿ ಮಂಚವನ್ನು ಇಳಿಸಿ ಹಾಕಿದರು. ಖಾಲಿ ಕೋಣೆಯಲ್ಲಿ ಮಾತಾಡಿದರೆ ದನಿ ಮಾರ್ದನಿಸುತ್ತಿತ್ತು.

ಶಾಲೆಯ ವರ್ಷ ಮುಗಿದ ಮೇಲೆ ದೊಡ್ಡಮ್ಮ ಪುಟ್ಟಿಯನ್ನು ಕರೆತಂದಳು. ಬಿಟ್ಟುಹೋಗುವಾಗ ಅತ್ತದ್ದು ದೊಡ್ಡಮ್ಮನೇ. ಆಮೇಲೆ ದಿನವೂ ಸಂಜೆ ಫೋನ್ ಮಾಡುವವಳು ಅವಳಾದಳು. ಜಿಪ್ಪಮ್ಮ ಎಷ್ಟೇ ಕೆಲಸವಿರಲಿ ಆ ಫೋನನ್ನು ತಪ್ಪಿಸುತ್ತಿರಲಿಲ್ಲ. ಕಾಯುವುದು ಎಂದರೇನು ಎಂದು ಅವಳಿಗೆ ಗೊತ್ತಿತ್ತು.

ಪುಟ್ಟಿ ಎತ್ತರವಾಗಿದ್ದಳು. ಬಂದ ಹೊಸತರಲ್ಲಿ ನೀರು ಕುಡಿಯಲಾ, ದೀಪ ಹಾಕಲಾ ಎಂದು ಎಲ್ಲದಕ್ಕೂ ನೆಂಟರ ಮಗುವಿನ ಹಾಗೆ ಕೇಳುತ್ತಿದ್ದಳು. ಪ್ರತಿ ಸಲವೂ ಜಿಪ್ಪಮ್ಮ, ಕೇಳೋದೇನಿದೆ, ಇದು ನಿನ್ನದೇ ಮನೆ ಎಂದು ನೆನಪಿಸುತ್ತಿದ್ದಳು. ಅವಸರ ಮಾಡಬೇಡ, ಇದೂ ಒಂದೇ ದಿನಕ್ಕೆ ಸರಿಹೋಗುವಂಥದ್ದಲ್ಲ ಎಂದು ಕತ್ತರಿಯಣ್ಣ ಸಮಾಧಾನ ಹೇಳಿದ. ಮೊದಲ ಹಲ್ಲು ಬಿದ್ದದ್ದು, ಸೈಕಲ್ ಕಲಿತದ್ದು, ಜ್ವರದಲ್ಲಿ ಅಮ್ಮನನ್ನು ಕರೆದದ್ದು, ಇವನ್ನೆಲ್ಲ ಜಿಪ್ಪಮ್ಮ ಬೇರೆಯವರ ಬಾಯಲ್ಲಿ ಕೇಳಿ ತಿಳಿದುಕೊಳ್ಳಬೇಕಾಯಿತು. ಆ ವರ್ಷಗಳನ್ನು ಯಾವ ದಾರದಿಂದಲೂ ಹೊಲಿದು ಸೇರಿಸಲಾಗುವುದಿಲ್ಲ.

ಒಂದು ಮಧ್ಯಾಹ್ನ ಜಿಪ್ಪಮ್ಮ ಕತ್ತರಿಸಿದ ಪಟ್ಟಿಗಳನ್ನು ಮರೆತು ಪುಟ್ಟಿಯ ಮಂಚದ ಮೇಲೆ ಇಟ್ಟುಬಿಟ್ಟಿದ್ದಳು. ಶಾಲೆಯಿಂದ ಬಂದವಳೇ ಪುಟ್ಟಿ ಒಳಗಿಂದ ಕೂಗಿದಳು, "ಅಮ್ಮ, ಇದು ನನ್ನ ಕೋಣೆ. ನಿನ್ನ ಪಟ್ಟಿ ಇಲ್ಲಿ ಯಾಕೆ ಬಂತು?"

ಮೆಷಿನ್ನು ನಿಂತಿತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈಸಿಕೊಂಡ ಜಿಪ್ಪಮ್ಮ ಕಣ್ಣೊರೆಸಿಕೊಂಡು, "ತಪ್ಪಾಯ್ತು ತಾಯಿ, ಈ ವಾರ ಅದಕ್ಕೊಂದು ಜಾಗ ಮಾಡ್ತೀವಿ" ಎಂದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮದು ಹೊಲಿಗೆಯೇ ಇರಲಿ, ಹಿಟ್ಟಿನ ಗಿರಣಿಯೇ ಇರಲಿ, ಚಿಕ್ಕ ಅಂಗಡಿಯೇ ಇರಲಿ, ಹೊಸ ಯಂತ್ರಕ್ಕೆ ಸಾಲ ಮಾಡುವ ಮೊದಲು ಒಂದು ದಿನ ನಿಮ್ಮ ಕೆಲಸವನ್ನು ನೀವೇ ಕೂತು ನೋಡಿ. ಕೈ ದುಡಿಯುತ್ತಿದೆಯೋ, ಹುಡುಕುತ್ತಿದೆಯೋ ನೋಡಿ. ಚೆನ್ನಾಗಿ ಬರುವುದನ್ನು ಉಳಿಸಿಕೊಳ್ಳಿ, ಉಳಿದದ್ದನ್ನು ಬೇರೆಯವರಿಗೆ ಬಿಟ್ಟುಕೊಡಿ. ವಾರಕ್ಕೊಂದು ಸಣ್ಣ ತೊಡಕು ಬಿಡಿಸಿ. ಕೊಂಡುಕೊಳ್ಳುವವರ ದೂರನ್ನು ಕಿವಿಗೊಟ್ಟು ಕೇಳಿ, ಎಡವಿದರೆ ತಿದ್ದಿಕೊಳ್ಳಿ. ಇಷ್ಟಕ್ಕೆ ದೊಡ್ಡ ಬಂಡವಾಳ ಬೇಡ. ಯಾರಿಗಾಗಿ ದುಡಿಯುತ್ತಿದ್ದೀರೋ ಅವರು ನಿಮ್ಮನ್ನು ಕಾಯುತ್ತಿದ್ದಾರೆ, ಕಾಯುತ್ತಲೇ ದೊಡ್ಡವರಾಗುತ್ತಿದ್ದಾರೆ. ಈ ವಾರವೇ ಶುರುಮಾಡಿ.