ಕೇಳಿದರೆ ಕೆಡುವ ತಟ್ಟೆ

ಜೆನೋಬಿಯಾ ಟಾರ್ಪ್ಲಿಗೆ ಕೂತಲ್ಲಿ ಕೂರುವ ಜಾಯಮಾನವೇ ಇರಲಿಲ್ಲ. ಮನೆಯಿಂದ ಹೊರಟವಳು ಬೀಗ ಹಾಕಿದೆನೋ ಇಲ್ಲವೋ ಎಂದು ಮೆಟ್ಟಿಲು ಹತ್ತಿ ವಾಪಸು ಬರುವಳು. ಬಂದವಳು ಒಲೆ ಆರಿಸಿದ್ದು ಖಾತ್ರಿಯಾಗದೆ ಮತ್ತೆ ಒಳಗೆ ಹೋಗುವಳು. ಅನ್ನ ಬೆಂದಿದೆಯೋ ನೋಡಲು ಒಂದಗುಳು ಸಾಕು ಅನ್ನುತ್ತಾರೆ. ಇವಳು ಇಡೀ ಪಾತ್ರೆಯನ್ನೇ ಹಿಸುಕಿ ನೋಡುವ ಪೈಕಿ. ಷಿಕಾಗೋದ ಸೌತ್ ಸೈಡಿನಲ್ಲಿ, ನಮ್ಮ ಕರಿಯರ ಕೇರಿಯಲ್ಲಿ, ಅವಳಂಥ ಪಿಯಾನೊ ಕೈ ಇನ್ನೊಂದಿಲ್ಲ ಎಂದು ನಾವೆಲ್ಲ ಹೇಳುತ್ತಿದ್ದೆವು. ಆ ಮಾತನ್ನು ನಂಬದವಳು ಅವಳೊಬ್ಬಳೇ.

ನಂಬದಿರಲು ಒಂದು ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ ಬೇರೊಬ್ಬರ ತಂಡದ ರೆಕಾರ್ಡಿಗೆ ಬಾರಿಸುವಾಗ, ಅವಳಿಗೆಂದು ಬಿಟ್ಟಿದ್ದ ಚೂರು ಜಾಗದಲ್ಲೇ ಬೆರಳು ಜಾರಿ ಪಕ್ಕದ ಕಪ್ಪು ಕೀ ಮೇಲೆ ಬಿದ್ದಿತ್ತು. ಆ ರೆಕಾರ್ಡು ಯಾರೂ ಕೊಳ್ಳದೆ ಮೂಲೆ ಸೇರಿದ್ದರೆ ಬದುಕಿದಳು ಎನ್ನಬಹುದಿತ್ತು. ಹಾಳಾದ್ದು, ಊರೆಲ್ಲ ಅದನ್ನೇ ಕೊಂಡಿತು. ನಲವತ್ತೇಳನೆಯ ಬೀದಿಯಲ್ಲಿ ಕಾಸು ಹಾಕಿದರೆ ಹಾಡುವ ಪೆಟ್ಟಿಗೆ ಎಲ್ಲೆಲ್ಲಿತ್ತೋ ಅಲ್ಲೆಲ್ಲ ಅವಳ ತಪ್ಪು ಮೊಳಗಿತು. ಕ್ಷೌರದಂಗಡಿಯ ಲಾಮರ್ ಕತ್ತಿ ಮಸೆಯುತ್ತ ಆ ಮಟ್ಟನ್ನೇ ಸಿಳ್ಳೆ ಹಾಕುತ್ತಿದ್ದ, ಜಾರಿದ ಸ್ವರವನ್ನೂ ಬಿಡದೆ. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಸರಿ. ಒಮ್ಮೆ ಮಾಡಿದ್ದನ್ನು ದಿನಕ್ಕೆ ಹತ್ತು ಸಲ ಉಣ್ಣುವುದೆಂದರೆ ಹೇಗೆ? ಜೆನೋಬಿಯಾ ಆ ಅಂಗಡಿಯ ಮುಂದೆ ಹೋಗುವುದನ್ನೇ ಬಿಟ್ಟು, ಸುತ್ತು ಬಳಸಿ ಟ್ರ್ಯಾಮಿಗೆ ಹೋಗುತ್ತಿದ್ದಳು.

ಆ ಜುಲೈ ತಿಂಗಳಲ್ಲಿ ಕ್ಯಾಸ್ ಬ್ಲೆಡ್ಸೋ ತನ್ನ ಪುಟ್ಟ ತಂಡವನ್ನು ರೆಕಾರ್ಡಿಂಗಿಗೆ ಕರೆದೊಯ್ಯುವುದಾಗಿ ಹೇಳಿದಾಗ ಅವಳು ಬೆಚ್ಚಿದ್ದು ಅದಕ್ಕೇ. ಕ್ಯಾಸ್ ವೈಬ್ರಫೋನ್ ಎಂಬ, ಲೋಹದ ಪಟ್ಟಿಗಳನ್ನು ನೂಲು ಸುತ್ತಿದ ಕೋಲುಗಳಿಂದ ತಟ್ಟುವ ವಾದ್ಯ ಬಾರಿಸುವವನು, ತಂಡದ ಯಜಮಾನ, ಉದ್ದ ಕೈಯ, ಕಮ್ಮಿ ಮಾತಿನ ಮನುಷ್ಯ. ನಾಲ್ಕು ಮಟ್ಟುಗಳಲ್ಲಿ ಕೊನೆಯದು ಜೆನೋಬಿಯಾ ಕಟ್ಟಿದ್ದು. "ಅದು ನಿಂದು ನೋಬಿ," ಎಂದಿದ್ದ ಅವನು. "ಅದರಲ್ಲಿ ನಡುವಿನ ಸುತ್ತು ಪೂರ್ತಿ ನಿನ್ನ ಪಿಯಾನೊಗೆ. ಬೇಕು, ಬೇಡ ಅನ್ನೋದೆಲ್ಲ ನಿಂದೇ ಮಾತು." ಇಷ್ಟು ದೊಡ್ಡ ಮಾತನ್ನು ಯಾವ ಯಜಮಾನನೂ ಅವಳಿಗೆ ಕೊಟ್ಟಿರಲಿಲ್ಲ.

ರೆಕಾರ್ಡಿಂಗಿನ ದಿನ ಬೆಳಿಗ್ಗೆ, ಹೆಂಗಸರ ಕೂದಲು ಸಿಂಗರಿಸುವ ಅಂಗಡಿ ಇಟ್ಟಿದ್ದ ತಂಗಿ ಒಡೆಸ್ಸಾ ಬಾಚಣಿಗೆ ಕಾಯಿಸಿಕೊಂಡು ಅವಳ ಕೂದಲು ನೇರ ಮಾಡಲು ಕೂತಳು.

"ಅಲ್ಲಾಡ್ಬೇಡ ಅಕ್ಕ, ಕಿವಿ ಸುಡತ್ತೆ."

"ರೆಕಾರ್ಡಲ್ಲಿ ಕೂದ್ಲು ಕಾಣತ್ತೇನೇ? ಬಿಡು ಸಾಕು."

"ಕಾಣಲ್ಲ. ಆದ್ರೆ ಆ ಬಿಳಿಯರ ಬೀದೀಲಿ ಇಳಿಯೋಳು ನೀನು, ನಿನ್ನ ನೋಡಿ ನನ್ನ ಅಂಗಡಿಗೆ ಹೆಸರು ಬರೋದು ಬೇಡ್ವಾ? ಕೂತ್ಕೋ."

"ಈ ಸಲ ಒಂದೇ ಒಂದು ತಪ್ಪಿಲ್ದೆ ಬಾರಿಸ್ತೀನಿ ಒಡೆಸ್ಸಾ. ಆ ಲಾಮರ್ ಬಾಯಿಗೆ ಬೀಗ ಹಾಕ್ತೀನಿ. ಆಮೇಲೆ ಬೇಕಾದ್ರೆ ಸತ್ರೂ ಚಿಂತೆಯಿಲ್ಲ."

"ಸಾಯೋಳು ಬಾಡಿಗೆ ಕಟ್ಟಿ ಸಾಯಿ," ಎಂದಳು ತಂಗಿ. ಅಷ್ಟರಲ್ಲಿ ಅಕ್ಕ ತಲೆ ತಿರುಗಿಸಿದಳು, ಕಿವಿ ಚುರ್ ಎಂದಿತು.

ರೆಕಾರ್ಡಿಂಗ್ ಕೋಣೆ ಪೇಟೆಯ ನಡುವಿನ ಎತ್ತರದ ಕಟ್ಟಡದಲ್ಲಿ. ಎದುರಿನ ಲಿಫ್ಟು ಬಿಳಿಯರಿಗೆ, ನಮ್ಮವರು ವಾದ್ಯಗಳ ಜೊತೆ ಹಿಂದಿನ ಸಾಮಾನಿನ ಲಿಫ್ಟಿನಲ್ಲೇ ಹೋಗಬೇಕು. ಒಳಗೆ ಫ್ಯಾನು ಹಾಕುವಂತಿಲ್ಲ, ಮೈಕಿಗೆ ಅದರ ಸದ್ದು ಕೇಳುತ್ತದೆ. ಕ್ಯಾಸನ ವೈಬ್ರಫೋನಿನದೂ ಅದೇ ಗೋಳು. ಲೋಹದ ಪಟ್ಟಿಗಳ ಕೆಳಗೆ ಕೊಳವೆಗಳು, ಕೊಳವೆಗಳ ಬಾಯಲ್ಲಿ ಪುಟ್ಟ ಬಿಲ್ಲೆಗಳು; ಮೋಟರು ಆ ಬಿಲ್ಲೆಗಳನ್ನು ತಿರುಗಿಸಿದರೇನೇ ದನಿ ತೇಲಿ ನಡುಗುವುದು. ಗುಂಯ್‌ಗುಡುವ ಆ ಮೋಟರಿಗೆ ಎಣ್ಣೆ ಬಿಟ್ಟು, ಟವೆಲು ಸುತ್ತಿ, ಹೇಗೋ ಅದರ ಬಾಯಿ ಮುಚ್ಚಿಸಿದರು. ಆಳೆತ್ತರದ ತಂತಿವಾದ್ಯ ಬಾಸ್ ಹಿಡಿದ ಮುದುಕ ಡೀಕನ್ ಮೇಬ್ರಿ, ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಹೇಳಿಸುವವನು, ಅಂಗಿ ಕಳಚಿ ಬನಿಯನ್ನಿನಲ್ಲಿ ನಿಂತು, "ನರಕಕ್ಕೆ ಹೋಗೋರಿಗೆ ಇದು ಒಳ್ಳೇ ಅಭ್ಯಾಸ," ಎಂದ.

ಆಗೆಲ್ಲ ದನಿಯನ್ನು ಕೊರೆಯುತ್ತಿದ್ದುದು ದಪ್ಪ ಮೇಣದ ತಟ್ಟೆಯ ಮೇಲೆ. ಪ್ರತಿ ಮಟ್ಟಿಗೂ ಮೊದಲು ಒಂದು ತಟ್ಟೆ ಬರಿಯ ಪರೀಕ್ಷೆಗೆ: ಬಾರಿಸು, ಕೇಳು, ತಿದ್ದಿಕೊ. ಕೇಳಿದ ತಟ್ಟೆ ಅಲ್ಲಿಗೆ ಮುಗಿಯಿತು, ಮುಳ್ಳು ಓಡಿದಲ್ಲೆಲ್ಲ ಮೇಣ ಸವೆದು ಗೆರೆ ಅಳಿಸುತ್ತದೆ. ಎರಡನೆಯದು ನಿಜವಾದದ್ದು. ಅದನ್ನು ಬಾರಿಸಿದವರೂ ಕೇಳುವಂತಿಲ್ಲ, ಕೊರೆದವನೂ ಕೇಳುವಂತಿಲ್ಲ. ಹಾಗೇ ಪೆಟ್ಟಿಗೆಯಲ್ಲಿಟ್ಟು ಕಾರ್ಖಾನೆಗೆ ಕಳಿಸಬೇಕು. ನೈವೇದ್ಯದ ಹಾಗೆ ಅದು, ನಾಲಿಗೆ ತಾಗಿಸಿದರೆ ಎಂಜಲು. ಹೇಗೆ ಬಂದಿದೆಯೋ ಎಂಬುದು ತಿಂಗಳುಗಳ ಮೇಲೆ ಅಂಗಡಿಯಲ್ಲೇ ತಿಳಿಯುವುದು. ಬೀಗ ಹಾಕಿದೆನೋ ಇಲ್ಲವೋ ಎಂದು ಮೂರು ಸಲ ನೋಡುವ ಹೆಂಗಸಿಗೆ ಇದಕ್ಕಿಂತ ಕ್ರೂರವಾದ ಕಸುಬು ಇನ್ನೊಂದಿರಲಾರದು.

ಮೊದಲ ಮೂರು ಮಟ್ಟುಗಳು ಸಲೀಸಾಗಿ ಮುಗಿದವು. ಅವಳು ಕಟ್ಟಿದ ಮಟ್ಟಿನ ಸರದಿ ಬರುವಷ್ಟರಲ್ಲಿ ಜೆನೋಬಿಯಾಳ ಬೆನ್ನು ಒದ್ದೆಯಾಗಿತ್ತು. ಪರೀಕ್ಷೆಯ ತಟ್ಟೆ ಚೆನ್ನಾಗಿಯೇ ಬಂತು. ಗಾಜಿನ ಆಚೆ ಕೂತ ಕ್ರಾಂಟ್ಸ್, ದನಿ ಕೊರೆಯುವ ಬಿಳಿಯ, ಹೊಸ ತಟ್ಟೆ ಇಟ್ಟು ಕೈ ಎತ್ತಿದ. ಕೆಂಪು ದೀಪ ಹತ್ತಿತು.

ನಡುವಿನ ಸುತ್ತು ಬಂತು. ಎಡಗೈ ತನ್ನ ಪಾಡಿಗೆ ನಡೆಯುತ್ತಿತ್ತು, ಬಲಗೈ ಹಾಡುತ್ತಿತ್ತು, ಕ್ಯಾಸ್ ಹಿಂದಿನಿಂದ ಮೆಲ್ಲಗೆ ತಟ್ಟುತ್ತಿದ್ದ. ಮಟ್ಟು ತಿರುಗುವ ಜಾಗದಲ್ಲಿ, ಎಷ್ಟೋ ಸಲ ಕಣ್ಣು ಮುಚ್ಚಿ ದಾಟಿದ ಜಾಗದಲ್ಲಿ, ಬೆವರಿದ ಬೆರಳು ಜಾರಿತು. ಪಕ್ಕದ ಕಪ್ಪು ಕೀ. ಆಮೇಲೆ ಕೈ ಏನು ಬಾರಿಸಿತೋ ಅವಳಿಗೆ ಗೊತ್ತಿಲ್ಲ. ಕಿವಿಯಲ್ಲಿ ಲಾಮರನ ಸಿಳ್ಳೆ ಮಾತ್ರ ಕೇಳುತ್ತಿತ್ತು. ತಲೆ ಎತ್ತಿದಾಗ ಕ್ಯಾಸ್ ತನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾನೆ ಅನ್ನಿಸಿತು. ದೀಪ ಆರಿತು.

"ಪೆಟ್ಟಿಗೆಗೆ ಹಾಕಿ ಸ್ವಾಮಿ," ಎಂದ ಕ್ಯಾಸ್ ಗಾಜಿನ ಕಡೆಗೆ.

"ಬೇಡ!" ಜೆನೋಬಿಯಾ ಎದ್ದು ನಿಂತಿದ್ದಳು. "ತಪ್ಪಾಯ್ತು. ತಿರುಗೋ ಕಡೆ ಜಾರ್ತು."

"ಜಾರಿದ್ರೆ ಜಾರ್ಲಿ. ಚೆನ್ನಾಗಿದೆ, ಬಿಡು."

"ಚೆನ್ನಾಗಿದೆ ಅಂತ ಅವತ್ತೂ ಅಂದ್ರು. ನಾಲ್ಕು ವರ್ಷದಿಂದ ಊರು ಸುತ್ತಿಕೊಂಡು ಓಡಾಡ್ತಿದೀನಿ ಕ್ಯಾಸ್. ನಾ ಕೇಳ್ಬೇಕು."

ಕ್ರಾಂಟ್ಸ್ ಬಾಗಿಲಲ್ಲಿ ಬಂದು ನಿಂತ. "ಕೇಳಿಸಿದ್ರೆ ತಟ್ಟೆ ಹೋಗತ್ತೆ. ಕೊರೆಯೋಕೆ ಅಂತ ಬೆಚ್ಚಗಿಟ್ಟಿರೋ ತಟ್ಟೆ ಇನ್ನೊಂದೇ ಉಳಿದಿರೋದು, ಹೊತ್ತೂ ಅಷ್ಟೇ ಇದೆ. ನೀವು ನೀವೇ ತೀರ್ಮಾನ ಮಾಡ್ಕೊಳಿ."

"ಕೇಳದೆಯೇ ಉಳಿದಿರೋದ್ರಲ್ಲಿ ಇನ್ನೊಂದು ಬಾರಿಸು," ಎಂದ ಕ್ಯಾಸ್. "ಎರಡನ್ನೂ ಕಳಿಸೋಣ."

"ಎರಡು ಕಳಿಸಿದ್ರೆ ಕಾರ್ಖಾನೆಯವರು ಯಾವ್ದನ್ನ ಅಚ್ಚು ಒತ್ತುತಾರೋ ಯಾರಿಗ್ಗೊತ್ತು? ತಪ್ಪಿರೋದನ್ನೇ ಒತ್ತುತಾರೆ. ನನ್ನ ಹಣೆಬರಹ ನಂಗೊತ್ತಿಲ್ವಾ?"

ಡೀಕನ್ ಬಾಸಿಗೆ ಒರಗಿಕೊಂಡು ಕುತ್ತಿಗೆ ಒರೆಸಿಕೊಂಡ. "ತಾಯಿ, ದೇವರು ಬೇಡ ಅಂದ್ರೂ ಹಿಂದಕ್ಕೆ ತಿರುಗಿ ನೋಡಿ ಉಪ್ಪಿನ ಕಂಬ ಆದವಳ ಕತೆ ಬೈಬಲ್ಲಿಂದ ಎಷ್ಟು ಭಾನುವಾರ ಓದಿದೀನಿ ನಾನು? ನೀನು ಅವತ್ತೆಲ್ಲ ನಿದ್ದೆ ಹೊಡೀತಿದ್ಯಾ?"

"ನಿದ್ದೆ ಬಂದ್ರೆ ತಾನೇ ಹೊಡೆಯೋಕೆ," ಎಂದಳು ಅವಳು. ಡ್ರಮ್ಮಿನವನು ನಕ್ಕ. ಅವಳು ನಗಲಿಲ್ಲ, ಕ್ಯಾಸನ ಕಡೆಗೆ ತಿರುಗಿದಳು. "ಬೇಕು, ಬೇಡ ನಂದೇ ಮಾತು ಅಂದಿದ್ಯಲ್ಲ. ಅಂದ್ಯೋ ಇಲ್ವೋ?"

ಕ್ಯಾಸ್ ಕೋಲುಗಳ ತುದಿಯ ನೂಲನ್ನು ಹೆಬ್ಬೆರಳಲ್ಲಿ ತೀಡಿದ. ಅವನಿಗೆ ಹೇಳಲು ಏನೋ ಇತ್ತು. ಆದರೆ ಕೊಟ್ಟ ಮಾತಿನ ಮುಂದೆ ಅವನ ನಾಲಿಗೆ ಹೊರಳಲಿಲ್ಲ. "ಅಂದೆ," ಎಂದ ಕೊನೆಗೆ. "ಕೇಳಿಸಿ ಸ್ವಾಮಿ."

ಕ್ರಾಂಟ್ಸ್ ಮುಳ್ಳಿಟ್ಟ.

ಗೋಡೆಯ ಸ್ಪೀಕರಿನಿಂದ ಮಟ್ಟು ಬಂತು. ಜೆನೋಬಿಯಾ ಕೈಯಲ್ಲಿ ಕರವಸ್ತ್ರ ಹಿಂಡುತ್ತ, ತಪ್ಪನ್ನು ಹಿಡಿಯಲು ಕಳ್ಳನಿಗೆ ಕಾಯುವಂತೆ ಕಾದಳು. ಬಂತು. ನಿಜವಾಗಿಯೂ ಜಾರಿತ್ತು, ಮಗು ಕೂಡ ಹೇಳಬಹುದಾದಷ್ಟು ಸ್ಪಷ್ಟವಾಗಿ. ಆದರೆ ಮರುಗಳಿಗೆಯಲ್ಲೇ ಕ್ಯಾಸ್ ಅದೇ ಸ್ವರವನ್ನು ಬಾರಿಸಿದ್ದ. ಬಾರಿಸಿ, ಕಾಲಡಿಯ ಪೆಡಲ್ ಒತ್ತಿ ಅದನ್ನು ಹಿಡಿದಿಟ್ಟಿದ್ದ. ಅದು ಗಾಳಿಯಲ್ಲಿ ನಡುಗುತ್ತ, ತಪ್ಪಲ್ಲ, ಬೇಕೆಂದೇ ಕೇಳಿದ ಪ್ರಶ್ನೆ ಎಂಬಂತೆ ನಿಂತಿತು. ಅದಕ್ಕೆ ಪಿಯಾನೊ ಉತ್ತರ ಕೊಟ್ಟಿತು. ತನ್ನದೇ ಬಲಗೈ! ತಾನು ಲಾಮರನ ಸಿಳ್ಳೆ ಕೇಳುತ್ತ ಕಂಗಾಲಾಗಿದ್ದ ಆ ಹೊತ್ತಿನಲ್ಲಿ ತನ್ನ ಕೈ ಅವನ ಹಿಂದೆ ಹೋಗಿ, ಯಾವತ್ತೂ ಹೋಗದ ಕಡೆಗೆ ಹೋಗಿ, ಅಲ್ಲಿಂದ ಅವನನ್ನು ಕರೆದುಕೊಂಡು ವಾಪಸು ಬಂದಿತ್ತು. ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸುತ್ತಿದ್ದರು. ದುರುಗುಟ್ಟಿ ನೋಡಿದನೆಂದುಕೊಂಡಿದ್ದಳಲ್ಲ, ಅವನು ಅವಳ ಬೆರಳುಗಳನ್ನು ನೋಡುತ್ತಿದ್ದ.

ಅವಳ ಜೀವಮಾನದ ಅತ್ಯುತ್ತಮ ಪಿಯಾನೊ ಅದು. ಅದನ್ನು ಬಾರಿಸುವಾಗ ಅವಳೇ ಅಲ್ಲಿರಲಿಲ್ಲ.

"ಇನ್ನೊಂದ್ಸಲ," ಎಂದಳು. "ಇನ್ನೊಂದೇ ಸಲ ಹಾಕಿ."

ಕ್ರಾಂಟ್ಸ್ ಮುಳ್ಳನ್ನು ಮತ್ತೆ ಮೊದಲಿಗೆ ಇಟ್ಟ. ಆಗಲೇ ಕಾದೆಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಶುರುವಾಗಿತ್ತು. ಆ ಜಾಗಕ್ಕೆ ಬರುವ ಹೊತ್ತಿಗೆ ವೈಬ್ರಫೋನಿನ ದನಿ ಕಂಬಳಿಯ ಒಳಗಿಂದ ಬಂದಂತೆ ಬಂತು. ಉತ್ತರ ಕೊಟ್ಟ ಬಲಗೈ ಕೇಳಿಸಲೇ ಇಲ್ಲ.

"ನಿಂಗೆ ಗೊತ್ತಿತ್ತು," ಎಂದಳು ಕ್ಯಾಸನಿಗೆ. "ಯಾಕೆ ಹೇಳ್ಲಿಲ್ಲ?"

"ಚೆನ್ನಾಗಿದೆ ಅಂದೆನಲ್ಲ ನೋಬಿ. ಇನ್ನು ಹೇಗೆ ಹೇಳ್ಬೇಕಿತ್ತು?"

ಅವಳಿಗೆ ಅವನ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದರ ಹತ್ತರಷ್ಟು. ಅತ್ತರೆ ಹೊತ್ತು ಹೋಗುತ್ತದೆ ಎಂದು ಅಳಲಿಲ್ಲ. ಉಳಿದ ತಟ್ಟೆ ತಿರುಗಿತು, ಕೆಂಪು ದೀಪ ಹತ್ತಿತು. ಅವಳು ಎಚ್ಚರದಿಂದ ಬಾರಿಸಿದಳು, ತಿರುಗುವ ಜಾಗದಲ್ಲಿ ಬೆರಳುಗಳು ಸಾಲಾಗಿ ಸರಿಯಾದ ಕಡೆಯೇ ಬಿದ್ದವು. ಕ್ಯಾಸ್ ಹಿಂದಿನಿಂದ ಮೆಲ್ಲಗೆ ತಟ್ಟಿದ. ಈ ಸಲ ಅವನ ವಾದ್ಯಕ್ಕೆ ಹೇಳಲು ಏನೂ ಇರಲಿಲ್ಲ, ಅವಳ ಪಿಯಾನೊ ಏನೂ ಕೇಳಿರಲಿಲ್ಲ. "ಇದು ಚೊಕ್ಕವಾಗಿ ಬಂತು," ಎಂದು ಕ್ರಾಂಟ್ಸ್ ಪೆಟ್ಟಿಗೆ ಮುಚ್ಚಿದ. ಡೀಕನ್ ಬಾಸನ್ನು ಗೌಸಿಗೆ ಹಾಕುತ್ತ ಅವಳ ಬೆನ್ನ ಮೇಲೆ ಕೈಯಿಟ್ಟ, ತಮಾಷೆ ಮಾಡಲಿಲ್ಲ.

ರೆಕಾರ್ಡು ಬಂದದ್ದು ಚಳಿಗಾಲದ ಮೊದಲಲ್ಲಿ. ಲೇಬಲ್ಲಿನ ಮೇಲೆ ಅವಳ ಹೆಸರಿತ್ತು. ಒಡೆಸ್ಸಾ ತನ್ನ ಅಂಗಡಿಯಲ್ಲಿ ಕಾದ ಬಾಚಣಿಗೆ ಹಿಡಿದೇ ಅದನ್ನು ನಾಲ್ಕಾರು ಸಲ ಹಾಕಿಸಿದಳು, ಕೂತ ಹೆಂಗಸರ ತಲೆಗಳೆಲ್ಲ ತಾಳಕ್ಕೆ ಅಲ್ಲಾಡಿದವು. ಲಾಮರ್ ತನ್ನ ಅಂಗಡಿ ಬಿಟ್ಟು ಬಂದು ಬಾಗಿಲಲ್ಲಿ ನಿಂತು ಕೇಳಿ, ಟೋಪಿ ತೆಗೆದ. "ಎಲ್ಲಿ ಜಾರ್ತೀಯೋ ಅಂತ ಕಾಯ್ತಾ ಇದ್ದೆ ಕಣಮ್ಮ," ಎಂದ. "ಹುಡುಕಿದ್ರೂ ಸಿಗ್ಲಿಲ್ಲ."

"ಒಂದೂ ತಪ್ಪಿಲ್ಲ ಅಕ್ಕ!" ಎಂದಳು ಒಡೆಸ್ಸಾ. "ನೀನು ಹೇಳಿದ ಹಾಗೇ ಮಾಡ್ದೆ."

"ಹೂಂ, ಇಲ್ಲ," ಎಂದಳು ಜೆನೋಬಿಯಾ. "ಒಂದೂ ಇಲ್ಲ." ಎಲ್ಲರೂ ಅವಳನ್ನು ನೋಡಿ ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡರು.

ಆ ಭಾನುವಾರ ಮಧ್ಯಾಹ್ನ ಕುಣಿತದ ಹಾಲಿನಲ್ಲಿ ಜನ ಆ ಮಟ್ಟನ್ನೇ ಬಾರಿಸಿ ಎಂದು ಕೇಳಿದರು. ರೆಕಾರ್ಡಿನಲ್ಲಿದ್ದ ಹಾಗೇ ನಡೆಯಿತು, ನಡುವಿನ ಸುತ್ತಿನವರೆಗೆ. ತಿರುಗುವ ಜಾಗ ಬಂದಾಗ ಜೆನೋಬಿಯಾ ಕ್ಯಾಸನ ಕಡೆ ನೋಡಿ, ಬಲಗೈಯನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿ, ಆ ಕಪ್ಪು ಕೀ ಒತ್ತಿದಳು. ಒತ್ತಿ ಕಾದಳು. ಕ್ಯಾಸ್ ಎರಡೂ ಕೋಲುಗಳನ್ನು ಪಟ್ಟಿಗಳ ಮೇಲೆ ಎತ್ತಿ ಹಿಡಿದ, ಆದರೆ ತಟ್ಟಲಿಲ್ಲ. ಸ್ವರ ಬರಿದೇ ತಪ್ಪಾಗಿ ನಿಂತು, ಹಾಗೇ ಆರಿಹೋಯಿತು. ಕುಣಿಯುತ್ತಿದ್ದವರಲ್ಲಿ ಒಬ್ಬಿಬ್ಬರು ತಿರುಗಿ ನೋಡಿದರು. ಅವಳು ಮುಂದಕ್ಕೆ ಬಾರಿಸಿದಳು, ಬೇರೇನು ಮಾಡುವುದು?

ಮಟ್ಟು ಮುಗಿದು ಚಪ್ಪಾಳೆ ಬೀಳುವಾಗ ಅವನು ಪಿಯಾನೊದ ಹತ್ತಿರ ಬಾಗಿದ.

"ಅದು ಜಾರಿದ್ದಲ್ಲ ನೋಬಿ," ಎಂದ, ತುಂಬ ಮೆಲ್ಲಗೆ. "ಬೇಕಂತ ನೀನೇ ಇಟ್ಟಿದ್ದು. ಇಟ್ಟಿದ್ದಕ್ಕೆ ಏನು ಹೇಳ್ಬೇಕೋ ನಂಗೆ ತೋಚ್ಲಿಲ್ಲ."