ಎರಡೂವರೆ ಕಿಲೋ ಹಟ

ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದೇ ಮೊಂಡಿ ಎಂದು. ಚಿಕ್ಕಂದಿನಲ್ಲಿ ಮುದ್ದಿಗೆ ಇಟ್ಟ ಹೆಸರು, ದೊಡ್ಡವಳಾದ ಮೇಲೆ ದೂರಿನ ಮಾತಾಗಿ ಉಳಿದುಕೊಂಡಿತ್ತು. ಮಕ್ಕಳ ಕಾರ್ಟೂನ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ, ಹಾರಿಸಿ, ಕುಣಿಸುವುದು ಅವಳ ಕಸುಬು. ಹೋದ ವರ್ಷ ಸ್ಟುಡಿಯೋದ ಮೆಟ್ಟಿಲ ಮೇಲೆ ಕಾಲು ಜಾರಿ ಎಡಭುಜ ಮುರಿದುಕೊಂಡಳು. ಮೂಳೆಯೇನೋ ಕೂಡಿತು. ಕೈ ಮಾತ್ರ ಮೊದಲಿನ ಹಾಗೆ ಆಗಲೇ ಇಲ್ಲ.

ಅದಕ್ಕಿಂತ ಹೆಚ್ಚು ನೋಯಿಸಿದ್ದು ಸ್ಟುಡಿಯೋದವರ ಕನಿಕರ. ಮೊದಲು ಕಥೆಯ ಮುಖ್ಯ ದೃಶ್ಯಗಳೆಲ್ಲ ಅವಳ ಪಾಲಿಗೆ ಬರುತ್ತಿದ್ದವು. ಈಗ ಮುಖ್ಯಸ್ಥರು ಮೋಡಕ್ಕೆ ಬಣ್ಣ, ಗಿಡಕ್ಕೆ ಎಲೆ ಎಂದು ಚಿಲ್ಲರೆ ಕೆಲಸ ಕೊಟ್ಟು, "ಹಗುರದ್ದೇ ಮಾಡಿ, ಆರಾಮಾಗಿರಿ" ಎನ್ನುತ್ತಿದ್ದರು. ಹೊಸ ಚಿತ್ರದಲ್ಲಿ ಕಡಲ ಬಿರುಗಾಳಿಗೆ ಸಿಕ್ಕ ಹಕ್ಕಿಗಳ ಹಿಂಡಿನ ದೃಶ್ಯವೊಂದಿತ್ತು. ಅದು ತನಗೇ ಬೇಕೆಂದು ಪಟ್ಟು ಹಿಡಿದಳು. "ದೊಡ್ಡ ಕಂಪ್ಯೂಟರ್ ಒಂದೂ ಖಾಲಿ ಇಲ್ಲ. ನಿಮ್ಮದೇ ಮಿಷನ್ ತಂದ್ರೆ ನೋಡೋಣ" ಎಂದರು ಅವರು. ಅವಳ ಹಳೆಯ ಲ್ಯಾಪ್‌ಟಾಪ್ ಆಗಲೇ ಕಣ್ಣು ಮುಚ್ಚಿತ್ತು. ಅದು ಮುಖ್ಯಸ್ಥರಿಗೂ ಗೊತ್ತಿತ್ತು.

ಭಾನುವಾರ ಅಕ್ಕ, ಭಾವನ ಜೊತೆ ಅಂಗಡಿಗೆ ಹೋದಳು. ಮಾರಾಟದ ಹುಡುಗಿ ಇರುವುದರಲ್ಲೇ ತೆಳ್ಳನೆಯ ಲ್ಯಾಪ್‌ಟಾಪನ್ನು ಎರಡು ಬೆರಳಲ್ಲಿ ಎತ್ತಿ ಭಾವನ ಮುಂದೆ ಹಿಡಿದಳು. "ನೋಡಿ ಸಾರ್, ಕಾಗದದ ಹಾಗಿದೆ. ಒಂದು ಕಿಲೋನೂ ಇಲ್ಲ."

"ಕೊಳ್ಳೋಳು ನಾನು," ಎಂದಳು ಮೊಂಡಿ. "ಇಲ್ಲಿ ನೋಡಿ ಮಾತಾಡಿ."

ಲ್ಯಾಪ್‌ಟಾಪೇನೋ ಚೆನ್ನಾಗಿತ್ತು. ಅವಳ ಎಡಗೈಗೂ ಭಾರವೆನಿಸಲಿಲ್ಲ. ಅದರ ಬೆಲೆ ಕೇಳಿದ ಭಾವ ಮಾತ್ರ ಹುಬ್ಬೇರಿಸಿದ. "ದಪ್ಪ ಇರೋದಕ್ಕಿಂತ ಇದಕ್ಕೇ ಜಾಸ್ತಿನಾ? ಸಾಮಾನು ಕಡಿಮೆ, ರೇಟು ಜಾಸ್ತಿ!"

"ತೆಳುವಿಗೇ ದುಡ್ಡು ಸಾರ್."

ಮೊಂಡಿ ಪೆನ್‌ಡ್ರೈವ್ ಚುಚ್ಚಿ, ಪರೀಕ್ಷೆಗೆಂದು ಮಾಡಿಟ್ಟುಕೊಂಡಿದ್ದ ಹಕ್ಕಿಗಳನ್ನು ಹಾರಿಬಿಟ್ಟಳು. ಮೊದಲು ಸರಾಗವಾಗಿ ಹಾರಿದವು. ಹಿಂಡು ದಟ್ಟವಾಗುತ್ತ ಬಂದಂತೆ ಲ್ಯಾಪ್‌ಟಾಪಿನ ತಳ ಕೆಂಡದಂತಾಯಿತು. ಹಕ್ಕಿಗಳು ತಡವರಿಸಿ, ಎತ್ತಿದ ರೆಕ್ಕೆ ಎತ್ತಿದ ಹಾಗೇ ಆಕಾಶದಲ್ಲಿ ನಿಂತುಬಿಟ್ಟವು.

"ಇದರಲ್ಲಿ ಫ್ಯಾನ್ ಇಲ್ಲ ಮೇಡಂ. ಬಿಸಿ ಆದ್ರೆ ತಾನೇ ನಿಧಾನ ಆಗತ್ತೆ. ಓದೋಕೆ, ಬರೆಯೋಕೆ, ಓಡಾಡೋರಿಗೆ ಇದಕ್ಕಿಂತ ಒಳ್ಳೇದು ಸಿಗಲ್ಲ. ಸುಳ್ಳು ಹೇಳಲ್ಲ, ನಿಮ್ಮ ಕೆಲಸಕ್ಕೆ ಆಗಲ್ಲ."

ಆ ನೇರ ಮಾತು ಮೊಂಡಿಗೆ ಹಿಡಿಸಿತು. "ಹಾಗಾದ್ರೆ ಆಗೋದು ತೋರಿಸಿ."

ತೆಳುವೂ ಬಲವೂ ಎರಡೂ ಇದ್ದದ್ದು ಒಂದಿತ್ತು. ಅದರ ಬೆಲೆ ಕೇಳಿ ಮೂವರೂ ಒಟ್ಟಿಗೇ ಬೇಡವೆಂದು ತಲೆಯಾಡಿಸಿದರು. ಕೊನೆಗೆ ಕೆಳಗಿನ ಕಪಾಟಿನಿಂದ ಹೋದ ವರ್ಷದ ಮಾದರಿಯೊಂದು ಹೊರಬಂತು. ಎರಡೂವರೆ ಕಿಲೋ ತೂಕ, ಚಾರ್ಜರೇ ಒಂದು ಇಟ್ಟಿಗೆಯಷ್ಟು. ಹಕ್ಕಿಗಳನ್ನು ಬಿಟ್ಟದ್ದೇ ಫ್ಯಾನ್ ಭೋರೆಂದಿತು. ಹಿಂಡು ಗಾಳಿಯನ್ನು ಸೀಳಿಕೊಂಡು ಪರದೆಯ ಆಚೆ ದಾಟಿಹೋಯಿತು. ಬೆಲೆ ಅವಳ ಕೈಗೆಟುಕುವಂತಿತ್ತು.

"ಇದೇ ಕೊಡಿ."

"ಬೇಡ," ಎಂದಳು ಅಕ್ಕ. ಅವಳು ಫಿಸಿಯೋಥೆರಪಿಸ್ಟ್. ಆ ಕೈಗೆ ದಿನಾ ವ್ಯಾಯಾಮ ಮಾಡಿಸಿ, ಬೈದು, ಬೇಡಿಕೊಂಡು ತಲೆಯವರೆಗೆ ಏಳುವಂತೆ ಮಾಡಿದವಳು ಅವಳೇ. "ನಿಂಗೆ ತಲೆ ನೆಟ್ಟಗಿದೆಯೇನೇ? ಆ ಕೈಗಾಗಿ ನಾನು ಎಷ್ಟು ಒದ್ದಾಡಿದೀನಿ!"

"ಬಲಗೈ ಇದೆಯಲ್ಲ."

"ಅದನ್ನೂ ಮುರ್ಕೊಂಡು ಬಾ. ಇನ್ನೊಂದು ವರ್ಷ ನಿನ್ನ ತಲೆ ನಾನೇ ಬಾಚ್ತೀನಿ!"

ಭಾವ ಸಂಧಾನಕ್ಕೆ ಬಂದ. "ತೆಳ್ಳಂದೇ ತಗೋ ಪುಟ್ಟಾ, ದುಡ್ಡು ನಾನು ಕೊಡ್ತೀನಿ. ಅದರಲ್ಲಿ ಆದಷ್ಟು ಕೆಲಸ ಮಾಡು, ಸಾಕು."

"ಆದಷ್ಟು ಅಂದ್ರೆ ಮೋಡ ತಾನೆ ಭಾವ?" ಅವಳು ಅಕ್ಕನ ಕಡೆ ತಿರುಗಿದಳು. "ಅಕ್ಕಾ, ನನ್ನ ಚೀಲ ಹಗುರ ಮಾಡು, ಬೇಡ ಅನ್ನಲ್ಲ. ನನ್ನನ್ನೇ ಹಗುರ ಮಾಡ್ಬೇಡ."

ಅಕ್ಕ ಆ ದಪ್ಪ ಲ್ಯಾಪ್‌ಟಾಪನ್ನು ತಾನೇ ಒಂದು ಸಲ ಎತ್ತಿ ನೋಡಿ ಕೆಳಗಿಟ್ಟಳು. ಆಮೇಲೆ ಮಾರಾಟದ ಹುಡುಗಿಯನ್ನು ಗದರಿಸುವವಳಂತೆ ಕೇಳಿದಳು: "ಚಕ್ರ ಇರೋ ಚೀಲ ಇದೆಯಾ ನಿಮ್ಮಲ್ಲಿ?"

ಸೋಮವಾರ ಆ ಚೀಲ ಗಡಗಡ ಸದ್ದು ಮಾಡುತ್ತ ರಸ್ತೆಯುದ್ದಕ್ಕೂ ಅವಳ ಹಿಂದೆ ಬಂತು. ಸ್ಟುಡಿಯೋದ ಮೆಟ್ಟಿಲ ಹತ್ತಿರ ಚಕ್ರದ ಆಟ ನಡೆಯಲಿಲ್ಲ. ತಾನು ಬಿದ್ದ ಮೆಟ್ಟಿಲುಗಳವು. ಬಲಗೈಯಲ್ಲಿ ಚೀಲ ಎತ್ತಿ, ಒಂದೊಂದೇ ಮೆಟ್ಟಿಲ ಮೇಲಿಟ್ಟು, ಉಸಿರು ತೆಗೆದುಕೊಂಡು ಹತ್ತಿದಳು. ಮೇಲೆ ಎಲ್ಲರೂ ತಿರುಗಿ ನೋಡಿದರು.

"ಏನು, ಊರು ಬಿಟ್ಟು ಹೊರಟ್ರಾ?" ಎಂದ ಪಕ್ಕದ ಮೇಜಿನವನು.

"ಇಲ್ಲ, ಊರಿಗೆ ವಾಪಸ್ ಬಂದೆ."

ಫ್ಯಾನ್ ಸದ್ದಿಗೆ ಮುಖ್ಯಸ್ಥರು ಕೋಣೆಯಿಂದ ಹೊರಬಂದರು. "ಇದೇನ್ರೀ, ಹಿಟ್ಟಿನ ಗಿರಣಿ?"

"ಗಿರಣಿ ಓಡಿದ್ರೆ ತಾನೆ ಸಾರ್ ಹಿಟ್ಟು?"

ಮಾತು ಕೊಟ್ಟಾಗಿತ್ತು, ಮುಖ್ಯಸ್ಥರು ಹಕ್ಕಿಗಳ ದೃಶ್ಯವನ್ನು ಅವಳಿಗೇ ಬಿಟ್ಟರು. ಹಲವು ದಿನ ಗಿರಣಿ ಓಡಿತು. ದೃಶ್ಯ ಮುಗಿದ ಮಧ್ಯಾಹ್ನ ಎಲ್ಲರೂ ಸೇರಿ ನೋಡಿದರು. ಹಕ್ಕಿಗಳು ಅಲೆಗೆ ಬಡಿದು ಚೆಲ್ಲಾಪಿಲ್ಲಿಯಾಗಿ, ಮತ್ತೆ ಒಂದನ್ನೊಂದು ಹುಡುಕಿಕೊಂಡು ಹಿಂಡಾದಾಗ ಪಕ್ಕದ ಮೇಜಿನವನು ಕುರ್ಚಿ ಮುಂದಕ್ಕೆಳೆದುಕೊಂಡ. ಮುಖ್ಯಸ್ಥರು ಎರಡು ಸಲ ಹಾಕಿಸಿ ನೋಡಿದರು. "ಬಹಳ ಚೆನ್ನಾಗಿದೆ ಕಣ್ರೀ. ಸಾಕು, ಇನ್ನು ಸುಧಾರಿಸ್ಕೊಳ್ಳಿ. ಮುಂದಿನ ಭಾಗದ ಮೋಡಗಳು ನಿಮಗೇ."

"ಮೋಡಕ್ಕೆ ಬೇರೆಯವರನ್ನ ನೋಡ್ಕೊಳ್ಳಿ ಸಾರ್. ತಿಮಿಂಗಿಲ ಏಳೋ ದೃಶ್ಯ ಇದೆಯಲ್ಲ, ಅದು ನನಗೆ ಬೇಕು."

"ನಿಮ್ಮ ಭುಜ..."

"ಭುಜ ನಂದು. ನೋವಾದ್ರೆ ನಾನೇ ಹೇಳ್ತೀನಿ. ನನಗಿಂತ ಮೊದಲು ನೀವು ಹೇಳ್ಬೇಡಿ."

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, "ಸರಿ, ತಗೊಳ್ಳಿ" ಎಂದು ಎದ್ದುಹೋದರು.

ಸಂಜೆ ಭುಜ ಬಿಗಿದುಕೊಂಡು ನೋಯುತ್ತಿತ್ತು. ಅಕ್ಕ ಬಿಸಿನೀರಿನ ಚೀಲ ಒತ್ತುತ್ತ ವಂಶವನ್ನೆಲ್ಲ ಸೇರಿಸಿ ಬೈದಳು. "ನಾಳೆ ರಜ ಹಾಕು, ಹೇಳಿದೀನಿ."

"ಆಗಲ್ಲ ಅಕ್ಕಾ. ನಾಳೆ ತಿಮಿಂಗಿಲ ಎಬ್ಬಿಸ್ಬೇಕು."

"ಮೊಂಡಿ," ಎಂದಳು ಅಕ್ಕ, ಚೀಲವನ್ನು ಇನ್ನೊಂದಿಷ್ಟು ಒತ್ತಿ. "ಸರಿ, ಕೈ ಮೇಲೆತ್ತು ನೋಡೋಣ."