ಮುಟ್ಟಿ ನೋಡಿ ಬಂದೆ

ಅಂಗಳದಲ್ಲಿ ಗಂಡನ ಮೈಮೇಲೆ ಹಾರಗಳು ಬೀಳುತ್ತಿದ್ದ ಹೊತ್ತಿನಲ್ಲಿ ಪೋಲಮ್ಮ ಹಿತ್ತಲಿಗೆ ಹೋಗಿ, ಗೋಡೆಗೆ ನೇತುಹಾಕಿದ್ದ ಔಷಧಿ ಹೊಡೆಯುವ ಟ್ಯಾಂಕನ್ನು ಇಳಿಸಿ ತೊಳೆಯತೊಡಗಿದಳು. ಬೆಳೆಗೆ ಹುಳು ಬಿದ್ದಾಗ ಬೆನ್ನಿಗೇರಿಸಿಕೊಳ್ಳುವ ಟ್ಯಾಂಕು. ಅದನ್ನು ಕಂಡು ಮಗಳು ಭಾರ್ಗವಿಯ ಅಳು ನಿಂತೇಹೋಯಿತು.

"ಅಮ್ಮಾ, ಏನ್ ಮಾಡ್ತಿದ್ದೀಯಾ? ಎಲ್ರೂ ನಿನ್ನ ಹುಡುಕ್ತಾವ್ರೆ."

"ಇದಕ್ಕೆ ನೀರು ತುಂಬ್ಸು. ಸುಡುಗಾಡಿಗೆ ಹೋಯ್ತೀನಿ."

ಓಬುಳಪತಿ ಹಿಂದೂಪುರದ ಫೈರ್ ಸ್ಟೇಷನ್ನಿನಲ್ಲಿ ಜೀವಮಾನವೆಲ್ಲ ದುಡಿದು, ರಿಟೈರಾದ ಮೇಲೆ ಕಲ್ಯಾಣದುರ್ಗದ ಪಕ್ಕದ ತನ್ನ ಊರಿಗೆ ಬಂದಿದ್ದ. ನಿನ್ನೆ ಸಂಜೆ ಕಾಫಿ ಕುಡಿದು, ಲೋಟ ಕೆಳಗಿಟ್ಟು ಗೋಡೆಗೊರಗಿದವನು ಮತ್ತೆ ಏಳಲಿಲ್ಲ. ಇಂಥ ಸಾವು ಯಾರಿಗುಂಟು ಎಂದು ಬಂದವರೆಲ್ಲ ಹೇಳುತ್ತಿದ್ದರು. ಪೋಲಮ್ಮನಿಗೂ ಹಾಗೇ ಅನ್ನಿಸಿತ್ತು. ರಾತ್ರಿಯೆಲ್ಲ ಅತ್ತು ಹಗುರಾಗಿದ್ದಳು. ಈಗ ಅವಳ ತಲೆಯಲ್ಲಿ ಕೂತಿದ್ದದ್ದು ಒಂದು ಬಣವೆ.

ಸುಡುಗಾಡಿನ ಪಕ್ಕದ ಹೊಲ ಓಬುಳಪತಿಯ ದಾಯಾದಿ ಅಣ್ಣ ಅಶ್ವತ್ಥಪ್ಪನದು. ಅಲ್ಲಿ ಕಡಲೆಕಾಯಿ ಬಳ್ಳಿಯನ್ನು ಮನೆಯೆತ್ತರಕ್ಕೆ ಒಟ್ಟಿದ್ದರು. ಬೆಳಗಿನಿಂದ ಬೀಸುತ್ತಿದ್ದ ಗಾಳಿ ಅಂಗಳದ ಶಾಮಿಯಾನವನ್ನೇ ಎರಡು ಸಲ ಎತ್ತಿ ಇಳಿಸಿತ್ತು.

"ಹೆಂಗಸ್ರು ಸುಡುಗಾಡಿಗೆ ಬರಂಗಿಲ್ಲ ಕಣಮ್ಮ," ಎಂದ ಅಶ್ವತ್ಥಪ್ಪ. ಮನೆತನದ ಶಾಸ್ತ್ರವೆಲ್ಲ ಅವನ ಹೆಗಲ ಮೇಲೆಯೇ ನಿಂತಿತ್ತು. "ಕಿಚ್ಚಿಟ್ಟ ಮ್ಯಾಲೆ ಗಂಡಸ್ರೇ ಹಿಂದಿರುಗಿ ನೋಡಂಗಿಲ್ಲ. ಮನೆಗೆ ಬಂದು ಸ್ನಾನ ಮಾಡೋದೇ ಪದ್ಧತಿ."

"ನಿಮ್ಮ ಪದ್ಧತಿ ನಿಮಗೆ ಸರಿ ಬಾವಾ. ಅವ್ರದೂ ಒಂದು ಪದ್ಧತಿ ಇತ್ತು. ಉರಿಯೋ ಬೆಂಕಿ ಬುಟ್ಟು ಒಂದು ದಿನಾನೂ ಮನೆಗೆ ಬಂದೋರಲ್ಲ. ಗಾಳಿ ನೋಡಿ ಹೆಂಗೈತೆ, ಪಕ್ಕದಾಗೇ ನಿಮ್ಮ ಬಣವೆ ಐತೆ."

"ಏಂ ಕಾದಮ್ಮಾ, ಏನೂ ಆಗಲ್ಲ. ನಮ್ಮಪ್ಪನ್ನ ಸುಟ್ಟಿದ್ದೂ ಅಲ್ಲೇ."

"ನಿಮ್ಮಪ್ಪ ಹೋಗಿದ್ದು ಮಳೆಗಾಲದಾಗೆ."

ಗುಂಪಿನಲ್ಲಿ ಯಾರೋ ನಕ್ಕು, ಅದನ್ನು ಕೆಮ್ಮಾಗಿಸಿಕೊಂಡರು. ಪೋಲಮ್ಮ ನಗಲಿಲ್ಲ.

"ಊರೂರಿನ ಬಣವೆ ಆರ್ಸಿದೋರು ಅವ್ರು. ಕೊನೆಗೆ ಅವ್ರ ಕಿಚ್ಚಿಂದ್ಲೇ ಒಬ್ರ ಬಣವೆ ಹತ್ಕಂಡ್ರೆ, ಆ ಮಾತು ನನ್ನ ಕೈಲಿ ಕೇಳಕ್ಕಾಗಲ್ಲ."

ಹಿಂದೂಪುರದಿಂದ ಬಂದಿದ್ದ ಜಯಚಂದ್ರ ಮುಂದೆ ಬಂದ. ಓಬುಳಪತಿಯ ಕೈಕೆಳಗೆ ಕೆಲಸ ಕಲಿತವನು, ಪೋಲಮ್ಮನನ್ನು ತೆಲುಗಿನಲ್ಲಿ ವದಿನಾ, ಅತ್ತಿಗೆ, ಎಂದೇ ಕರೆಯುತ್ತಿದ್ದವನು. "ಕಲ್ಯಾಣದುರ್ಗಕ್ಕೆ ಫೋನ್ ಮಾಡ್ದೆ ವದಿನಾ. ಅಲ್ಲಿನ ಫೈರ್ ಬಂಡಿ ಬೆಳುಗುಪ್ಪ ಕಡೆ ಬೆಂಕಿಗೆ ಹೋಗೈತಂತೆ. ಟ್ಯಾಂಕು ಇತ್ತ ಕೊಡಿ, ನಾನಿದ್ದೀನಿ."

"ನೀನು ನೀರು ಹೊಡಿ. ನಾನು ಕಾಯ್ತೀನಿ."

ಮಗ ಮುರಳಿ ಒದ್ದೆ ಬಟ್ಟೆಯಲ್ಲೇ ನಿಂತಿದ್ದ. "ಅಮ್ಮ ಬರ್ಲಿ ಬುಡಿ ದೊಡ್ಡಪ್ಪಾ," ಎಂದ. "ಅಪ್ಪ ಇದ್ದಿದ್ರೆ ಇಷ್ಟೊತ್ಗೆ ಅವ್ರೇ ಹೋಗಿ ನೆಲ ನೆನ್ಸಿರೋರು."

*

ಓಬುಳಪತಿ ಕೆಲಸಕ್ಕೆ ಸೇರುವಾಗ ಹಗ್ಗ ಹತ್ತಿಸಿದ್ದರು, ಎದೆ ಅಳೆದಿದ್ದರು, ಆಳೊಬ್ಬನನ್ನು ಹೆಗಲಿಗೆ ಹಾಕಿಕೊಂಡು ಓಡಿಸಿದ್ದರು. ಮದುವೆಯಾದ ಹೊಸದರಲ್ಲಿ, ಅಭ್ಯಾಸ ತಪ್ಪಬಾರದೆಂದು ಅವನು ಪೋಲಮ್ಮನನ್ನೇ ಹೆಗಲಿಗೇರಿಸಿಕೊಂಡು ಹಿಂದೂಪುರದ ಕ್ವಾರ್ಟರ್ಸ್ ಸುತ್ತ ಓಡಿದ್ದ. ನೆರೆಮನೆಯ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡು ನಕ್ಕಿದ್ದರು.

"ಇಳ್ಸ್ರೀ, ಮರ್ಯಾದೆ ಹೋಯ್ತೈತೆ!" ಎಂದು ಅವಳು ಬೆನ್ನಿಗೆ ಗುದ್ದಿದರೆ, "ಹೊಗೆ ಕುಡ್ದು ಬಿದ್ದೋರು ಮಾತಾಡಲ್ಲ, ಸುಮ್ಕಿರು," ಎಂದು ಇನ್ನೊಂದು ಸುತ್ತು ಹಾಕಿದ್ದ.

ಬೆಂಕಿಗೆ ಹೋದ ದಿನ ಅವನು ಯಾವಾಗ ಬರುತ್ತಾನೆಂದು ಹೇಳುವಂತಿರಲಿಲ್ಲ. ಉರಿ ನಿಂತ ಮೇಲೂ ಅಲ್ಲೇ ಕೂತಿರುತ್ತಿದ್ದ. ಬೂದಿಯನ್ನು ಕೆದಕಿ, ಕೈಯ ಹಿಂಬದಿಯಿಂದ ಅಲ್ಲಲ್ಲಿ ಮುಟ್ಟಿ, ಎಲ್ಲಾ ತಣ್ಣಗಿದ್ದರೆ ಮಾತ್ರ ಎದ್ದು ಬರುತ್ತಿದ್ದ.

"ಅಂಗೈಲಿ ಮುಟ್ಟಬಾರ್ದಾ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಅಂಗೈ ಸುಟ್ಕಂಡ್ರೆ ಮುದ್ದೆ ಮುರಿಯೋದು ಹೆಂಗೆ?"

ಅವನ ಹೆಜ್ಜೆ ಕೇಳಿದೊಡನೆ ಅವಳು ಬಾಗಿಲಲ್ಲಿ ನಿಂತು ಕೇಳುವುದು ಒಂದೇ ಮಾತು: "ಆರ್ತಾ?" ಅವನ ಉತ್ತರವೂ ಒಂದೇ: "ಆರ್ತು. ಮುಟ್ಟಿ ನೋಡ್ಬಂದೆ. ಊಟಕ್ಕಿಡು." ಮಕ್ಕಳು ಇದನ್ನು ಕೇಳಿಕೊಂಡೇ ಬೆಳೆದರು.

*

ಮುರಳಿ ಕಿಚ್ಚಿಟ್ಟು, ಹಿಂದಿರುಗಿ ನೋಡದೆ ನಡೆದುಹೋದ. ಉಳಿದವರೂ ಹೋದರು. ಪೋಲಮ್ಮ ಬೇವಿನ ಮರದ ಕೆಳಗೆ ಕೂತಳು. ಜಯಚಂದ್ರ ಬೆನ್ನಿಗೆ ಟ್ಯಾಂಕು ಹಾಕಿಕೊಂಡು ಒಣಹುಲ್ಲನ್ನು ನೆನೆಸುತ್ತ ಚಿತೆಯ ಸುತ್ತ ತಿರುಗುತ್ತಿದ್ದ.

ಬಿಸಿಲೇರುವ ಹೊತ್ತಿಗೆ ಸ್ನಾನ ಮಾಡಿ ಒಗೆದ ಪಂಚೆ ಉಟ್ಟಿದ್ದ ಅಶ್ವತ್ಥಪ್ಪ ಮತ್ತೆ ಬಂದ. ಬಾಯಲ್ಲಿ ಏನೂ ಆಗಲ್ಲ ಎಂದಿದ್ದರೂ ಒಳಗೊಳಗೆ ನೆಮ್ಮದಿಯಿರಲಿಲ್ಲ. ಆದರೆ ಚಿತೆಯನ್ನು ನೋಡುವಂತಿಲ್ಲವಲ್ಲ! ಅದಕ್ಕೇ ಸುಡುಗಾಡಿಗೆ ಬೆನ್ನು ಹಾಕಿ, ಕೊಡಪಾನದಲ್ಲಿ ನೀರಿಟ್ಟುಕೊಂಡು ಬಣವೆಯನ್ನೇ ನೋಡುತ್ತ ನಿಂತ. ಇದನ್ನು ಅವರಿಗೆ ಹೇಳಬೇಕು ಅಂದುಕೊಂಡಳು ಪೋಲಮ್ಮ. ಹೇಳುವುದಕ್ಕೆ ಅವರಿಲ್ಲ ಎಂಬುದು ಆಮೇಲೆ ನೆನಪಾಯಿತು.

ಸುಂಟರಗಾಳಿಯೊಂದು ಎದ್ದದ್ದು ಆಗಲೇ. ಚಿತೆಯಿಂದ ಕಿಡಿಯೊಂದು ಹಾರಿ, ಅಶ್ವತ್ಥಪ್ಪನ ತಲೆಯ ಮೇಲೆ ಹಾದು ಬಣವೆಯ ಪಕ್ಕೆಗೆ ಬಿತ್ತು. ಸಣ್ಣಗೆ ಹೊಗೆ ಎದ್ದಿತು.

"ಬಾವಾ! ಬಣವೆ!"

ಅಶ್ವತ್ಥಪ್ಪ ಕೊಡಪಾನ ಎತ್ತಿದ. ಪೋಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತಲೇ ಕೂಗಿದಳು. "ನೀರು ಆಮ್ಯಾಕೆ! ಮೊದ್ಲು ಎಳೀರಿ! ಮ್ಯಾಲೆ ಹುಯ್ದ್ರೆ ಒಳಗೇ ಉಳ್ಕಂತೈತೆ!"

ಬಣವೆಗೆ ಬೆಂಕಿ ಬಿದ್ದ ಊರುಗಳಿಂದ ಬಂದಾಗಲೆಲ್ಲ ಓಬುಳಪತಿ ಊಟಕ್ಕೆ ಕೂತು ಹೇಳುತ್ತಿದ್ದ ಮಾತದು. ಮೂವರೂ ಹೊಗೆಯಾಡುವ ಬಳ್ಳಿಯನ್ನು ಹಿಡಿಹಿಡಿಯಾಗಿ ಕಿತ್ತು ದೂರ ಎಸೆದರು. ಜಯಚಂದ್ರ ನೀರು ಹೊಡೆದ, ಅಶ್ವತ್ಥಪ್ಪ ಒಗೆದ ಪಂಚೆಯಲ್ಲೇ ತುಳಿದ. ಹೋದದ್ದು ಎರಡು ತೆಕ್ಕೆ ಬಳ್ಳಿ, ಅಷ್ಟೇ.

ಅಶ್ವತ್ಥಪ್ಪ ಏದುಸಿರು ಬಿಡುತ್ತ ಅಲ್ಲೇ ಕುಕ್ಕರಿಸಿದ. ಆಮೇಲೆ ನಿಧಾನವಾಗಿ ಚಿತೆಯ ಕಡೆ ತಿರುಗಿ, ಕಣ್ಣುತುಂಬ ನೋಡಿದ.

"ನೋಡ್ಬುಟ್ಟೆ ಕಣಮ್ಮ," ಎಂದ. "ಆಗಿದ್ದಾಗ್ಲಿ. ಎಂಥಾ ಮನುಷ್ಯ ಇವ್ನು. ಸತ್ತ ಮ್ಯಾಲೂ ನನ್ನ ಬಣವೆ ಉಳ್ಸ್ದ." ಪಂಚೆಗೆ ಮೆತ್ತಿದ ಮಸಿ ಕೊಡವುತ್ತ ತಾನೇ ಹೇಳಿದ: "ಬೂದಿಗೆ ನೀರು ಹಾಕೋ ಶಾಸ್ತ್ರ ಮೂರನೇ ದಿನ ಅಂತಿದ್ದೆ. ಇವತ್ತು ಸಂಜೇನೇ ಆಗ್ಲಿ."

ಉರಿಯೆಲ್ಲ ಇಳಿದ ಮೇಲೆ ಅಶ್ವತ್ಥಪ್ಪನೇ ಬೋರಿನಿಂದ ಕೊಡಪಾನ ಹೊತ್ತು ತಂದ. ಜಯಚಂದ್ರ ಮೂಳೆಗಳನ್ನು ಆರಿಸಿ ಬಟ್ಟೆಗೆ ಕಟ್ಟಿದ. ಬೂದಿಯ ಮೇಲೆ ಮತ್ತೆ ಮತ್ತೆ ನೀರು ಬಿತ್ತು. ಹೊಗೆ ನಿಂತಮೇಲೂ ಪೋಲಮ್ಮ ಏಳಲಿಲ್ಲ. ಕೊನೆಗೆ ಹತ್ತಿರ ಹೋಗಿ, ಕಡ್ಡಿಯಿಂದ ಕೆದಕಿ ಬಗ್ಗಿದಳು.

ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಅವಳ ಹೆಜ್ಜೆ ಕೇಳಿ ಭಾರ್ಗವಿ ಕಾಲಿಗೆ ನೀರು ತೆಗೆದುಕೊಂಡು ಬಾಗಿಲಿಗೆ ಬಂದಳು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿತ್ತು. ಅಮ್ಮನ ಮುಖ ನೋಡುತ್ತ ನಿಂತಳು.

"ಆರ್ತಾ?"

"ಆರ್ತು. ಮುಟ್ಟಿ ನೋಡ್ಬಂದೆ. ಊಟಕ್ಕಿಡು."

ಭಾರ್ಗವಿ ಚೊಂಬು ಬಗ್ಗಿಸಿದಳು. ಪೋಲಮ್ಮ ಕಾಲು ತೊಳೆದುಕೊಂಡಳು, ಮುಖ ತೊಳೆದುಕೊಂಡಳು, ಎಡಗೈಯನ್ನು ಮಾತ್ರ ನೀರಿಗೆ ಒಡ್ಡದೆ ದೂರ ಹಿಡಿದಿದ್ದಳು. ಅದರ ಹಿಂಬದಿಯಲ್ಲಿ ಬೂದಿ ಅಂಟಿತ್ತು.